ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸುವ ಬೆಕ್ಕುಗಳು: ಕೊಡಗಿನ ಮನೆಗಳ ಅನುಭವ

ಸುಂಟಿಕೊಪ್ಪ ಹತ್ತಿರದ ತೋಟದ ಮನೆಯಿಂದ, ಶಾಲಾ ಶಿಕ್ಷಕಿ

ನಮ್ಮಲ್ಲಿ ಎರಡು ಬೆಕ್ಕುಗಳಿವೆ. ಒಂದು ಮೂರು ವರ್ಷದ ಗಂಡು, ಸಂತಾನಹರಣದ ಆಪರೇಷನ್ ಆಗಿದೆ. ಇನ್ನೊಂದು ಕಾಫಿ ಕಣದಲ್ಲಿ ಸಿಕ್ಕ ಹೆಣ್ಣುಮರಿ, ಈಗ ಏಳು ತಿಂಗಳು, ಆಪರೇಷನ್ ಇನ್ನೂ ಮಾಡಿಸಿಲ್ಲ. ಮಳೆ ಹಿಡಿದಾಗಿನಿಂದ ಎರಡೂ ಸೇರಿಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತಿವೆ. ಮೊದಲು ಕಾಲಬೆರಳು ಕಚ್ಚುತ್ತವೆ, ಆಮೇಲೆ ಮುಖದ ಮೇಲೆ ಪಂಜ ಇಡುತ್ತವೆ, ಅದಕ್ಕೂ ಏಳದಿದ್ದರೆ ಮೇಜಿನ ಮೇಲಿನ ಕನ್ನಡಕ, ಪೆನ್ನು ಒಂದೊಂದಾಗಿ ಕೆಳಗೆ ತಳ್ಳುತ್ತವೆ. ನಾನು ಏಳಬೇಕಾದ್ದು ಆರಕ್ಕೆ. ಎದ್ದ ತಕ್ಷಣ ಅನ್ನ, ಹಾಲು, ಮೀನಿದ್ದರೆ ಮೀನು ಹಾಕುತ್ತೇನೆ. ಕೋಣೆಯಿಂದ ಹೊರಗೆ ಬಿಟ್ಟು ಬಾಗಿಲು ಹಾಕಿದರೆ ಬಾಗಿಲು ಕೆರೆದು ಕೂಗುತ್ತವೆ. ಪಕ್ಕದ ಕೋಣೆಯಲ್ಲಿ ಮಾವ ಮಲಗಿರುತ್ತಾರೆ. ಅವರಿಗೆ ಹೃದಯದ ತೊಂದರೆ, ನಿದ್ದೆ ಕೆಡಬಾರದು. ಹಾಗಾಗಿ ನಮ್ಮ ಮನೆಯವರು ಎದ್ದು ಹಿಂಬಾಗಿಲು ತೆಗೆದು ಹೊರಗೆ ಬಿಡುತ್ತಾರೆ. ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಮಾತ್ರ ಹೇಳಬೇಡಿ. ಅವನ್ನು ಇಟ್ಟುಕೊಂಡೇ ನಿದ್ದೆ ಉಳಿಸಿಕೊಂಡವರು ದಾರಿ ಹೇಳಿ.

ಪೊನ್ನಂಪೇಟೆಯಿಂದ, ಮನೆ ತುಂಬ ಬೆಕ್ಕು ಸಾಕಿರುವ ಗೃಹಿಣಿ

ಟೀಚರ್, “ಎದ್ದ ತಕ್ಷಣ ಹಾಕುತ್ತೇನೆ” ಎಂದಿರಲ್ಲ, ಗಂಟು ಇರುವುದು ಅಲ್ಲೇ. ನೀವು ಕಣ್ಣು ಬಿಟ್ಟರೆ ತಟ್ಟೆ ತುಂಬುತ್ತದೆ ಎಂದು ಆ ಎರಡೂ ಕಲಿತಿವೆ. ಹಸಿವಾದಾಗ ಅವು ಅಡುಗೆಮನೆಗೆ ಹೋಗಿ ಕೂಗುತ್ತಿಲ್ಲ, ನೇರ ನಿಮ್ಮ ಮುಖದ ಹತ್ತಿರ ಬರುತ್ತಿವೆ, ಗಮನಿಸಿ. ನೀವು ಏಳುವ ಹೊತ್ತನ್ನೂ ಅವುಗಳ ಊಟದ ಹೊತ್ತನ್ನೂ ಬಿಡಿಸಿದರೆ ಅರ್ಧ ಕೆಲಸ ಆದ ಹಾಗೆ.

ನಮ್ಮಲ್ಲಿ ನಾನು ಎದ್ದರೆ ಮೊದಲು ಹಂಡೆ ಒಲೆಗೆ ಬೆಂಕಿ, ಆಮೇಲೆ ಕಾಫಿ, ಅದನ್ನು ಕೂತು ಕುಡಿಯುವುದು, ಮಕ್ಕಳ ಡಬ್ಬಿಗೆ ತರಕಾರಿ ಹೆಚ್ಚುವುದು. ಇಷ್ಟೆಲ್ಲ ಮುಗಿದ ಮೇಲೆ ಬೆಕ್ಕಿನ ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿಯುತ್ತೇನೆ. ಊಟಕ್ಕೆ ಆ ಸದ್ದೇ ಗುರುತು, ನನ್ನ ಮುಖ ಅಲ್ಲ. ಈಗ ಮಧ್ಯರಾತ್ರಿ ನೀರು ಕುಡಿಯಲು ಎದ್ದರೂ ಒಂದೂ ತಲೆ ಎತ್ತುವುದಿಲ್ಲ. ಆದರೆ ಮೊದಲ ದಿನವೇ ಮುಕ್ಕಾಲು ಗಂಟೆ ಕಾಯಿಸಲು ಹೋಗಬೇಡಿ. ಇವತ್ತು ಎದ್ದು ಹತ್ತು ನಿಮಿಷಕ್ಕೆ ಹಾಕಿ, ಎರಡು ಮೂರು ದಿನ ಬಿಟ್ಟು ಇನ್ನೂ ಹತ್ತು ನಿಮಿಷ ಮುಂದೆ ಹಾಕಿ. ನಿಧಾನವಾಗಿ ತಳ್ಳಿದರೆ ಅವಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. ಕೂಗಿದಾಗ ಮಾತಾಡಿಸಬೇಡಿ, ಬೈಯಲೂ ಬೇಡಿ. “ಸುಮ್ನೆ ಮಲಗು” ಎಂದು ಒಂದು ಮಾತು ಬಂದರೂ ಅದಕ್ಕೆ ಉತ್ತರ ಸಿಕ್ಕ ಹಾಗೆಯೇ. ನೀರು ಚಿಮುಕಿಸುವುದು, ಹೊಡೆಯುವುದು ಖಂಡಿತ ಬೇಡ. ಕೈ ಕಂಡರೆ ಹೆದರುವ ಬೆಕ್ಕಾಗುತ್ತದೆಯೇ ಹೊರತು ತಡವಾಗಿ ಏಳುವ ಬೆಕ್ಕಾಗುವುದಿಲ್ಲ. ಮತ್ತೆ ಉತ್ತರ ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಗಲಾಟೆ ಜಾಸ್ತಿಯೇ ಆಗುತ್ತದೆ. ಇಷ್ಟು ದಿನ ಕೆಲಸ ಮಾಡಿದ ಕೂಗು ಈಗ ಯಾಕೆ ಮಾಡುತ್ತಿಲ್ಲ ಎಂದು ಅವು ಇನ್ನಷ್ಟು ಜೋರಾಗಿ ನೋಡುತ್ತವೆ. ಎಲ್ಲರೂ ಸೋಲುವುದು ಅಲ್ಲೇ. ಹೊಳೆಗೆ ಗಾಳ ಹಾಕಿ ಕೂತವನಿಗೆ ಎಂದೋ ಒಂದು ದಿನ ಮೀನು ಸಿಕ್ಕರೆ ಸಾಕು, ಮತ್ತೆ ವಾರವಿಡೀ ದಡಕ್ಕೆ ಹೋಗುತ್ತಾನೆ. ಹಾಗೆಯೇ, ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಎದ್ದು ಹಾಕಿದರೆ ಹೆಚ್ಚು ಹೊತ್ತು ಕೂಗಬೇಕು ಎಂಬ ಪಾಠವನ್ನು ನೀವೇ ಕಲಿಸಿದಂತೆ. ಮನೆಯ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ನೀವು ಸುಮ್ಮನಿದ್ದು ನಿಮ್ಮ ಮನೆಯವರು ಎದ್ದರೆ ಏನೂ ಪ್ರಯೋಜನ ಇಲ್ಲ.

ಸಿದ್ದಾಪುರದಿಂದ, ಎಸ್ಟೇಟ್ ರೈಟರ್ (ಕಾಫಿ ತೋಟದ ಕೆಲಸ, ಲೆಕ್ಕ ನೋಡುವವರು)

ಮೇಡಂ, ನಿದ್ದೆಯ ವಿಷಯ ಆಮೇಲೆ ನೋಡೋಣ, ಮೊದಲು ಆ ಹಿಂಬಾಗಿಲು. ಕತ್ತಲಲ್ಲಿ ನಾಲ್ಕು ಗಂಟೆಗೆ ಬಾಗಿಲು ತೆಗೆಯುವುದನ್ನು ಇವತ್ತೇ ನಿಲ್ಲಿಸಿ ಎಂದು ನಿಮ್ಮ ಮನೆಯವರಿಗೆ ಹೇಳಿ. ಇದು ಹಲಸು ಹಣ್ಣಾಗುವ ಕಾಲ. ನಮ್ಮ ಕಡೆ, ನಿಮ್ಮ ಕಡೆ ಎಲ್ಲ ಕಡೆಯೂ ಆನೆ ತೋಟದ ಒಳಗೇ ಇರುತ್ತದೆ. ಬೇಸಿಗೆಯಲ್ಲಾದರೆ ಕೊಂಬೆ ಮುರಿಯುವ ಸದ್ದಾದರೂ ಕೇಳುತ್ತದೆ. ಈ ಮಳೆ ಹೆಂಚಿನ ಮೇಲೆ ಹೊಡೆಯುವಾಗ ಅಂಗಳಕ್ಕೆ ಆನೆ ಬಂದು ನಿಂತರೂ ಗೊತ್ತಾಗುವುದಿಲ್ಲ. ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರಿಗೆ ನಾವು ದಿನಾ ಹೇಳುವುದೇ ಇದು: ಬೆಳಕು ಹರಿಯುವವರೆಗೆ ಹೊರಗೆ ಕಾಲಿಡಬೇಡಿ.

ಬೆಕ್ಕಿಗೂ ಆ ಹೊತ್ತು ಒಳ್ಳೆಯದಲ್ಲ. ಚಿರತೆ ಇದೆ, ಬೀದಿನಾಯಿಗಳ ಹಿಂಡು ಇದೆ, ಕಾಡುಹಂದಿಗೆ ಯಾರೋ ಇಟ್ಟ ಉರುಳು ಇದೆ. ಉರುಳಿಗೆ ಸಿಕ್ಕಿ ಸೊಂಟಕ್ಕೆ ಗಾಯ ಮಾಡಿಕೊಂಡು ಬಂದ ಬೆಕ್ಕನ್ನು ನಾನು ನೋಡಿದ್ದೇನೆ, ಮರೆಯಲು ಆಗುವುದಿಲ್ಲ. ಮತ್ತೆ ಪೊನ್ನಂಪೇಟೆ ಅಕ್ಕ ಹೇಳಿದ ಲೆಕ್ಕವೇ ಇಲ್ಲೂ ನಡೆಯುತ್ತದೆ: ಕೂಗಿದರೆ ಬಾಗಿಲು ತೆರೆಯುತ್ತದೆ ಎಂದರೆ ಅದೂ ಊಟದಷ್ಟೇ ದೊಡ್ಡ ಬಹುಮಾನ.

ರಾತ್ರಿ ಒಳಗೇ ಇರಬೇಕಾದರೆ ಒಳಗೆ ಕಕ್ಕಸಿಗೆ ಜಾಗ ಬೇಕು. ಎರಡು ಬೆಕ್ಕಿಗೆ ಎರಡು ಟ್ರೇ, ಸಾಧ್ಯವಾದರೆ ಮೂರು, ಊಟದ ತಟ್ಟೆಯಿಂದ ದೂರ. ಮರದ ಮಿಲ್ಲಿನ ಹೊಟ್ಟು ಅಥವಾ ಜರಡಿ ಹಿಡಿದ ಒಣ ಮರಳು ಸಾಕು. ಮರಳನ್ನು ಮಳೆಗೆ ಮೊದಲೇ ಚೀಲ ಕಟ್ಟಿ ಅಟ್ಟಕ್ಕೆ ಹಾಕಿಟ್ಟುಕೊಳ್ಳಬೇಕು, ಈಗ ಒಣ ಮರಳು ಸಿಗುವುದು ಕಷ್ಟ.

ಟೈಮರ್ ಇರುವ ಫೀಡರ್, ಅಂದರೆ ಇಟ್ಟ ಹೊತ್ತಿಗೆ ತಾನೇ ತೆರೆದು ಊಟ ಕೊಡುವ ಯಂತ್ರ, ತರುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಕರೆಂಟಿಗೆ ಮಾತ್ರ ಚುಚ್ಚುವಂಥದ್ದು ನಮ್ಮ ಊರಿಗಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಬರುವುದು ಯಾವಾಗಲೋ. ಶೆಲ್ ಹಾಕುವಂಥದ್ದನ್ನೇ ತನ್ನಿ. ಒಣ ಆಹಾರ ಈ ತೇವಕ್ಕೆ ಬೇಗ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಒಂದು ದಿನಕ್ಕೆ ಬೇಕಾದಷ್ಟೇ ಫೀಡರಿಗೆ ತುಂಬಿಸಿ, ಉಳಿದದ್ದು ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಇರುವೆ ಬಂದರೆ ಕೆಳಗೆ ಅಗಲ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಎತ್ತರದಲ್ಲಿ ಇಡಿ.

ಮಡಿಕೇರಿಯಿಂದ, ನಿವೃತ್ತ ಅಂಚೆ ನೌಕರರು

ಚಳಿಯನ್ನು ಯಾರೂ ಹೇಳಲಿಲ್ಲ. ಬೆಕ್ಕಿಗೆ ಹಾಯೆನಿಸುವ ಬಿಸಿ ನಮಗಿಂತ ಬಹಳ ಹೆಚ್ಚು. ಸುತ್ತಲಿನ ಬಿಸಿ 30 ಡಿಗ್ರಿ ದಾಟಿದರೇ ಅದರ ಮೈ ತನ್ನನ್ನು ಬೆಚ್ಚಗಿಡಲು ಹೆಚ್ಚಿನ ಶ್ರಮ ಪಡಬೇಕಿಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿನ ಮಳೆ-ಚಳಿಯಲ್ಲಿ ರಾತ್ರಿ ಅದಕ್ಕೆ ಹೇಗಿರಬಹುದು ಯೋಚಿಸಿ. ಮನೆ ಅತ್ಯಂತ ತಣ್ಣಗಾಗುವುದು ಬೆಳಗಾಗುವ ಮುಂಚೆ. ಸಂಜೆಯಿಂದ ಒಲೆಯ ಪಕ್ಕ ಮಲಗಿದ್ದ ಬೆಕ್ಕು ಬೂದಿ ಆರಿದ ಮೇಲೆ ಎದ್ದು ನಿಮ್ಮ ಕಂಬಳಿ ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಯ ಮುದಿ ಬೆಕ್ಕು ಎಬ್ಬಿಸುತ್ತಿದ್ದದ್ದು ಊಟಕ್ಕಲ್ಲ, ಕಂಬಳಿ ಎತ್ತಲಿ ಎಂದು.

ರಟ್ಟಿನ ಪೆಟ್ಟಿಗೆ, ಬದಿಯಲ್ಲಿ ಬೆಕ್ಕು ನುಗ್ಗುವಷ್ಟು ತೂತು, ಒಳಗೆ ಹಳೆಯ ಉಣ್ಣೆ ಸ್ವೆಟರ್. ಪೆಟ್ಟಿಗೆಯನ್ನು ನೆಲಕ್ಕಿಡದೆ ಮಣೆಯ ಮೇಲೆ ಇಟ್ಟೆ, ಸಿಮೆಂಟ್ ನೆಲದ ತಂಪು ಮೇಲೆ ಬರುತ್ತದೆ. ಮಲಗುವಾಗ ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲಿನಲ್ಲಿ ಸುತ್ತಿ ಒಳಗೆ ಒಂದು ಬದಿಗೆ ಇಡುತ್ತೇನೆ. ಬೇಕಾದರೆ ಒರಗಲಿ, ಬೇಡವಾದರೆ ಸರಿಯಲಿ. ಕುದಿಯುವ ನೀರು ಬೇಡ, ಉಗುರು ತಾಗಿ ಚೀಲ ತೂತಾದರೆ ಸುಟ್ಟೀತು. ನಮ್ಮದಕ್ಕೆ ಇಷ್ಟೇ ಸಾಕಾಯಿತು.

ಬೆಳಕಿಗೂ ಅದು ಏಳುತ್ತದೆ. ನಮ್ಮ ಜಿಲ್ಲೆಯಲ್ಲಿ ಮೇ ಕೊನೆಗೆ ಆರಕ್ಕೆಲ್ಲ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಿ 6.50ರ ಸುಮಾರಿಗೆ. ಅದಕ್ಕೂ ಮೊದಲಿನ ಮಸುಕು ಬೆಳಕೇ ಬೆಕ್ಕಿನ ಕಣ್ಣಿಗೆ ಸಾಕು. ದಪ್ಪ ಪರದೆ ಹಾಕಿದರೆ ಬೇಸಿಗೆಯಲ್ಲಿ ಸ್ವಲ್ಪ ಗುಣ ಕಾಣಬಹುದು. ಈ ಮೋಡದಲ್ಲಿ ಅದರ ಅಗತ್ಯ ಇಲ್ಲ.

ಸೋಮವಾರಪೇಟೆಯಿಂದ, ಕಾಲೇಜು ವಿದ್ಯಾರ್ಥಿ

ಅಕ್ಕಾ, “ಮಳೆ ಹಿಡಿದಾಗಿನಿಂದ” ಅಂದಿರಲ್ಲ. ಬೇಸಿಗೆಯಲ್ಲಿ ಅವು ದಿನವಿಡೀ ತೋಟ ಸುತ್ತಿ ಹಲ್ಲಿ, ಮಿಡತೆ ಹಿಡಿದು ದಣಿದು ಬರುತ್ತಿದ್ದವು. ಈಗ ಮೂರು ತಿಂಗಳು ಹಗಲಿಡೀ ಮಲಗುತ್ತವೆ. ಆ ಶಕ್ತಿಯೆಲ್ಲ ಬೆಳಗಿನ ಜಾವಕ್ಕೆ ಹೊರಗೆ ಬರುತ್ತದೆ. ಬೆಕ್ಕು ಹುಟ್ಟುಗುಣದಲ್ಲೇ ಮುಂಜಾವಿಗೂ ಮುಸ್ಸಂಜೆಗೂ ಚುರುಕಾಗುವ ಪ್ರಾಣಿ. ಮುಂಜಾವಿನದು ಬೇಡವಾದರೆ ಸಂಜೆಯದನ್ನು ಪೂರ್ತಿ ಬಳಸಿಕೊಳ್ಳಬೇಕು.

ನಾನು ಮಾಡುವುದು ಹೀಗೆ. ಮಲಗುವ ಮೊದಲು ಹದಿನೈದು ನಿಮಿಷ ಆಟ. ಬಿದಿರು ಕಡ್ಡಿಗೆ ದಾರ, ದಾರದ ತುದಿಗೆ ಕೋಳಿ ಗರಿ. ಗರಿಯನ್ನು ಬೆಕ್ಕಿನ ಮೂತಿಗೆ ತಂದು ಆಡಿಸಿದರೆ ಅದು ಸುಮ್ಮನೆ ನೋಡುತ್ತದೆ. ಇಲಿಯೇನೂ ತಾನಾಗಿ ಬೆಕ್ಕಿನ ಬಾಯಿಗೆ ಬರುವುದಿಲ್ಲವಲ್ಲ. ಗರಿ ದೂರ ಓಡಬೇಕು, ಚಾಪೆಯ ಕೆಳಗೆ ಅಡಗಬೇಕು, ನಿಲ್ಲಬೇಕು, ಮತ್ತೆ ಓಡಬೇಕು. ಕೊನೆಗೆ ಹಿಡಿಯಲು ಬಿಡಬೇಕು, ಇದು ಮುಖ್ಯ. ಹಿಡಿದ ತಕ್ಷಣ ಊಟ ಇಡಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ, ಅವುಗಳ ಕ್ರಮವೇ ಅದು. ದಿನದ ದೊಡ್ಡ ಊಟ ಈ ಹೊತ್ತಿನದಾಗಿರಲಿ. ಎರಡು ಬೆಕ್ಕು ಇದ್ದರೆ ಎರಡು ಕಡ್ಡಿ, ಇಲ್ಲದಿದ್ದರೆ ದೊಡ್ಡದೇ ಆಡಿ ಚಿಕ್ಕದು ಮೂಲೆಯಲ್ಲಿ ಕೂರುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು. ಲೇಸರ್ ದೀಪ ನನಗೆ ಇಷ್ಟ ಇಲ್ಲ. ಹಿಡಿಯಲು ಏನೂ ಸಿಗದೆ ಅವು ಗೋಡೆ ನೋಡುತ್ತಾ ಅಲೆಯುತ್ತವೆ.

ಸಂಜೆ ಆರಕ್ಕೆ ಸೋಫಾದಲ್ಲಿ ಮಲಗಿದ್ದರೆ ಆಗಲೂ ಒಮ್ಮೆ ಎಬ್ಬಿಸಿ ಸ್ವಲ್ಪ ಆಡಿಸಿ.

ಕುಶಾಲನಗರದಿಂದ, ಪಶುವೈದ್ಯೆ

ಮೇಲಿನ ಮಾತುಗಳೆಲ್ಲ ಆರೋಗ್ಯವಾಗಿರುವ ಬೆಕ್ಕಿಗೆ ಸರಿ. ಅಭ್ಯಾಸ ಎಂದು ತೀರ್ಮಾನಿಸುವ ಮೊದಲು ಕಾಯಿಲೆ ಇಲ್ಲವೆಂದು ನೋಡಿಕೊಳ್ಳಿ. ಹತ್ತು ವರ್ಷ ದಾಟಿದ ಬೆಕ್ಕು ಇದ್ದಕ್ಕಿದ್ದಂತೆ ರಾತ್ರಿ ಕೂಗಲು ಶುರು ಮಾಡಿದರೆ, ತುಂಬ ತಿಂದೂ ತೂಕ ಇಳಿಯುತ್ತಿದ್ದರೆ, ನೀರು ಹೆಚ್ಚು ಕುಡಿಯುತ್ತಿದ್ದರೆ ರಕ್ತ ಪರೀಕ್ಷೆ ಬೇಕು. ಥೈರಾಯ್ಡ್ ಹೆಚ್ಚಾಗುವುದು, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆಲ್ಲ ಆ ವಯಸ್ಸಿನಲ್ಲಿ ಬರುತ್ತವೆ. ಕಿವಿ ಮಂದವಾದ, ನೆನಪು ಕುಂದಿದ ಮುದಿ ಬೆಕ್ಕೂ ಕತ್ತಲಲ್ಲಿ ದಿಕ್ಕು ತೋಚದೆ ಕೂಗುತ್ತದೆ. ಮಡಿಕೇರಿಯವರು ತಮ್ಮ ಹಿರಿಯ ಬೆಕ್ಕನ್ನು ವರ್ಷಕ್ಕೆ ಎರಡು ಸಲ ತೋರಿಸಿದರೆ ಒಳ್ಳೆಯದು. ಗಂಡುಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಕೂತು, ಮೂತ್ರ ಬಾರದೆ ಕೂಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರ ಕಟ್ಟಿದ ಗಂಡುಬೆಕ್ಕಿನ ಜೀವ ಒಂದೆರಡು ದಿನದಲ್ಲೇ ಹೋಗಬಹುದು.

ಟೀಚರ್ ಮೇಡಂ, ನಿಮ್ಮ ಹೆಣ್ಣುಮರಿಗೆ ಏಳು ತಿಂಗಳು. ಅದು ನೆಲಕ್ಕೆ ಹೊರಳಾಡುತ್ತಾ, ಹಿಂಭಾಗ ಎತ್ತಿ ಉದ್ದಕ್ಕೆ ಕೂಗುತ್ತಿದ್ದರೆ ಬೆದೆಗೆ ಬಂದಿದೆ ಎಂದರ್ಥ. ಗಂಡು ಸೇರದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮತ್ತೆ ಬರುತ್ತದೆ. ಆಟ, ಊಟ, ಪರದೆ ಯಾವುದರಿಂದಲೂ ಆ ಕೂಗು ನಿಲ್ಲುವುದಿಲ್ಲ. ನಾಲ್ಕಕ್ಕೆ ಹೊರಗೆ ಬಿಟ್ಟರೆ 65 ದಿನಕ್ಕೆ ಮರಿಗಳು. ಆಪರೇಷನ್ ಮಾಡಿಸಿ.

ಇನ್ನು ಊಟ. ಅನ್ನ-ಹಾಲು ನಮ್ಮ ಮನೆಗಳ ರೂಢಿ, ಪ್ರೀತಿಯಿಂದಲೇ ಹಾಕುತ್ತೇವೆ. ಆದರೆ ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಅದಕ್ಕೆ ಬೇಕಾದ ಟಾರೀನ್ ಎಂಬ ಅಂಶ ಅನ್ನದಲ್ಲಿ ಇಲ್ಲವೇ ಇಲ್ಲ, ಅದು ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ದೊಡ್ಡದಾದ ಬಹುತೇಕ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ನಾಲ್ಕು ಕೆಜಿ ತೂಕದ ಮನೆಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ಅಂದರೆ ಒಣ ಆಹಾರ 50ರಿಂದ 60 ಗ್ರಾಂ. ಒಂದು ಇಲಿಯಲ್ಲಿ ಇರುವುದು ಸುಮಾರು 30 ಕ್ಯಾಲೊರಿ. ಹಾಗಾಗಿ ಹೊರಗೆ ಬದುಕುವ ಬೆಕ್ಕು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ರಾತ್ರಿ ಎಂಟಕ್ಕೆ ಅನ್ನ ತಿಂದು ಬೆಳಿಗ್ಗೆ ಆರರವರೆಗೆ ಕಾಯುವುದು ಅದರ ಹೊಟ್ಟೆಗೆ ದೂರದ ಮಾತು. ಬೇಯಿಸಿದ ಕೋಳಿ, ಮತ್ತಿ ಮೀನು ಕೊಡಬಹುದು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ತಾಗದಂತೆ ಮೊದಲೇ ತೆಗೆದಿಡಿ. ಜತೆಗೆ ಬೆಕ್ಕಿಗೆಂದೇ ಮಾಡಿದ ಆಹಾರವೂ ಇರಲಿ. ಹೊರಗೆ ಓಡಾಡುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ.

ನಿದ್ದೆ ಮಾತ್ರೆ ಅರ್ಧ ಕೊಡಬಹುದೇ ಎಂದು ಕ್ಲಿನಿಕ್ಕಿನಲ್ಲಿ ಕೇಳುವವರಿದ್ದಾರೆ. ಮನುಷ್ಯರ ಯಾವ ಮಾತ್ರೆಯನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಸುಂಟಿಕೊಪ್ಪದ ಶಿಕ್ಷಕಿ

ಎಲ್ಲರಿಗೂ ಋಣಿ. ಹಿಂಬಾಗಿಲಿಗೆ ಇವತ್ತಿನಿಂದಲೇ ಮೇಲಿನ ಚಿಲಕ ಹಾಕಿದ್ದೇವೆ. ಮರಿ ಹೊರಳಾಡುವುದು ನಿಜ, ನಾವು ಆಟ ಎಂದುಕೊಂಡಿದ್ದೆವು. ಆದರೆ ಪೊನ್ನಂಪೇಟೆ ಅಕ್ಕಾ, ಮಾವನ ವಿಷಯ ಹೇಗೆ? ಕೂಗಲಿ ಎಂದು ಬಿಟ್ಟುಬಿಡುವಷ್ಟು ಧೈರ್ಯ ನನಗಿಲ್ಲ.

ಪೊನ್ನಂಪೇಟೆಯ ಗೃಹಿಣಿ

ಬಿಡಬೇಕಾಗಿಯೂ ಇಲ್ಲ ಟೀಚರ್. ನಿಮ್ಮ ಮನೆಗೆ ದಾರಿ ಬೇರೆ. ಕೂಗುವ ಮೊದಲೇ ಊಟ ಬರಬೇಕು, ಅದೂ ನಿಮ್ಮ ಕೈಯಿಂದಲ್ಲ, ಯಂತ್ರದಿಂದ. ನಾಲ್ಕಕ್ಕೆ ಏಳುತ್ತವೆ ಎಂದರೆ ಮೊದಲು ಮೂರೂವರೆಗೆ ತೆರೆಯುವಂತೆ ಟೈಮರ್ ಇಡಿ. ಮುಚ್ಚಳ ತೆರೆಯುವ ಸದ್ದು ಕೇಳಿದರೆ ಅವು ನಿಮ್ಮನ್ನು ಬಿಟ್ಟು ಅಲ್ಲಿಗೆ ಓಡುತ್ತವೆ. ಒಂದು ವಾರದಲ್ಲಿ ಯಂತ್ರದ ಮುಂದೆಯೇ ಕಾಯಲು ಶುರು ಮಾಡುತ್ತವೆ. ಎಷ್ಟು ಕೂಗಿದರೂ ಯಂತ್ರ ತನ್ನ ಹೊತ್ತಿಗೇ ತೆರೆಯುತ್ತದೆ, ಹಾಗಾಗಿ ಕೂಗಿ ಲಾಭವಿಲ್ಲವೆಂದು ಬೇಗ ತಿಳಿಯುತ್ತದೆ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಮುಂದೆ ತಳ್ಳುತ್ತಾ ಐದೂವರೆಗೆ ತನ್ನಿ. ತಳ್ಳಿದ ದಿನ ಮತ್ತೆ ಕೋಣೆಗೆ ಬಂದರೆ ಅಲ್ಲೇ ನಿಲ್ಲಿಸಿ, ಕೆಲವು ದಿನ ಬಿಟ್ಟು ಮುಂದುವರಿಸಿ. ಇದರ ಪ್ರಮಾಣವನ್ನು ದಿನದ ಊಟದಿಂದಲೇ ಕಳೆಯಿರಿ.

ಯಂತ್ರವನ್ನು ಮಾವನ ಕೋಣೆಯಿಂದ ದೂರ ಇಡಿ. ಅಡುಗೆಮನೆಯಾಚೆ ಉಗ್ರಾಣ ಇದ್ದರೆ ರಾತ್ರಿ ಬೆಕ್ಕುಗಳ ಜಾಗವನ್ನೇ ಅಲ್ಲಿಗೆ ಬದಲಾಯಿಸಬಹುದು: ಮಡಿಕೇರಿ ಅಣ್ಣ ಹೇಳಿದ ಪೆಟ್ಟಿಗೆ, ಟ್ರೇ, ನೀರು, ಫೀಡರ್ ಎಲ್ಲ ಅಲ್ಲೇ. ಆದರೆ ಒಂದು ರಾತ್ರಿಯಲ್ಲಿ ಕೂಡಿಹಾಕಬೇಡಿ. ಮೊದಲು ಹಗಲಲ್ಲಿ ಊಟ ಅಲ್ಲಿ ಹಾಕಿ, ಬಾಗಿಲು ತೆರೆದಿರಲಿ. ತಾವಾಗಿ ಹೋಗಿ ಮಲಗುವಷ್ಟು ಇಷ್ಟವಾದ ಮೇಲೆ ರಾತ್ರಿ ಬಾಗಿಲು ಹಾಕಿ. ಮೇಜಿನ ಮೇಲಿನ ಕನ್ನಡಕ, ಪೆನ್ನು ಡ್ರಾಯರಿಗೆ ಹೋಗಲಿ. ಬೀಳಿಸಲು ಏನೂ ಇರಬಾರದು.

ಸುಂಟಿಕೊಪ್ಪದ ಶಿಕ್ಷಕಿ, ಕಕ್ಕಡ (ಕೊಡವರ ಮಳೆಗಾಲದ ತಿಂಗಳು) ಕಳೆದ ಮೇಲೆ

ಹೇಗಾಯಿತು ಎಂದು ಕೇಳಿದವರಿಗೆ. ಗಂಡು ಈಗ ಐದೂಕಾಲಿಗೆ ಫೀಡರ್ ಮುಂದೆ ಕೂತಿರುತ್ತದೆ, ನಮ್ಮ ಕೋಣೆಗೆ ಬರುವುದೇ ಇಲ್ಲ. ಅನ್ನ-ಹಾಲು ನಿಲ್ಲಿಸಿದ ಮೇಲೆ ಮೈಯ ಹೊಳಪೂ ಬೇರೆ. ಗರಿಕಡ್ಡಿಯ ಆಟವನ್ನು ಮಾವ ವಹಿಸಿಕೊಂಡಿದ್ದಾರೆ. ರಾತ್ರಿ ಊಟವಾದ ಮೇಲೆ ಕುರ್ಚಿಯಲ್ಲಿ ಕೂತೇ ಆಡಿಸುತ್ತಾರೆ, ಅವರಿಗೂ ಸಂತೋಷ. ಮಳೆಯಲ್ಲಿ ಮೂರು ದಿನ ಕರೆಂಟ್ ಇಲ್ಲದಾಗಲೂ ಶೆಲ್ ಹಾಕಿದ ಫೀಡರ್ ಸಮಯ ತಪ್ಪಲಿಲ್ಲ. ಮರಿ ಮಾತ್ರ ಬೆದೆಗೆ ಬಂದ ದಿನಗಳಲ್ಲಿ ಈಗಲೂ ಕೂಗುತ್ತದೆ. ಡಾಕ್ಟರ್, ಆಪರೇಷನ್ನಿಗೆ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಕರೆತರಬಹುದೇ? ಹಬ್ಬಕ್ಕೆ ಮನೆ ತುಂಬ ನೆಂಟರು.

ಕುಶಾಲನಗರದ ಪಶುವೈದ್ಯೆ

ಬನ್ನಿ ಮೇಡಂ. ಹಬ್ಬದ ದಿನ ಕೋವಿಯ ಸದ್ದಿಗೆ ಎರಡೂ ಹೆದರುತ್ತವೆ, ಬಾಗಿಲು ಹಾಕಿದ ಉಗ್ರಾಣದಲ್ಲಿರಲಿ. ನೆಂಟರು ಹೊತ್ತಲ್ಲದ ಹೊತ್ತಿನಲ್ಲಿ ಪಂದಿಕರಿಯ (ಹಂದಿಮಾಂಸದ ಸಾರಿನ) ಚೂರು ಹಾಕದಂತೆ ಮೊದಲೇ ಹೇಳಿಡಿ. ಮಸಾಲೆ ಅವಕ್ಕೆ ಆಗುವುದಿಲ್ಲ, ಮತ್ತೆ ಊಟದ ಹೊತ್ತೂ ತಪ್ಪುತ್ತದೆ. ಆಪರೇಷನ್ನಿಗೆ ಬರುವ ಹಿಂದಿನ ರಾತ್ರಿ ಹತ್ತರ ನಂತರ ಮರಿಗೆ ಆಹಾರ ಬೇಡ, ನೀರು ಇರಲಿ. ಆ ರಾತ್ರಿ ಮರಿಯನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಐದೂಕಾಲಿಗೆ ಫೀಡರ್ ತೆರೆದಾಗ ಗಂಡಿನ ಜತೆ ಅದೂ ತಿಂದುಬಿಟ್ಟರೆ ಅರಿವಳಿಕೆ ಕೊಡಲು ಆಗುವುದಿಲ್ಲ.